ಕಡ್ಡಿಯ ಲೆಕ್ಕದಲ್ಲಿ ನಾಲ್ಕು ತಪ್ಪು

ಮನೆ, ಹಿಂದಿನ ಕೋಣೆ
ಜೂನ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಸೊಸೆ ಎಂದು ಬರೆಯಲು ಇಪ್ಪತ್ತು ವರ್ಷವಾದರೂ ನನಗೆ ಕೈ ಬಂದಿಲ್ಲ, ಇನ್ನು ಬರುವುದೂ ಇಲ್ಲ. ಹೇಗಿದ್ದೀಯ? ಕೈಗವಸು ಹಾಕಿ ಹಾಕಿ ಬೆರಳ ಸಂದಿ ಕೆರೆಯುತ್ತದೆ ಎಂದಿದ್ದೆಯಲ್ಲ, ಈಗ ವಾಸಿಯೇ? ನೀನು ಅಲ್ಲಿ ಪರದೇಶದ ವೃದ್ಧಾಶ್ರಮದಲ್ಲಿ ಯಾರದೋ ಅಪ್ಪ ಅಮ್ಮಂದಿರಿಗೆ ಹೊತ್ತುಹೊತ್ತಿಗೆ ಮಾತ್ರೆ ಕೊಡುವವಳು, ನಿನ್ನ ಕೈಗೆ ಮುಲಾಮು ಹಚ್ಚಿಕೊಳ್ಳಲು ಮಾತ್ರ ನಿನಗೆ ಪುರುಸೊತ್ತಿರುವುದಿಲ್ಲ. ನನ್ನ ಮಂಡಿ ತನ್ನ ಪಾಡಿಗೆ ತಾನಿದೆ. ನಿನ್ನ ಗಂಡ ಅಂಗಡಿಯಲ್ಲಿ ಫ್ಯಾನು, ಮಿಕ್ಸಿಗಳ ನಡುವೆ ಮುಳುಗಿದ್ದಾನೆ. ಊರಿನವರ ಮಿಕ್ಸಿಯನ್ನೆಲ್ಲ ರಿಪೇರಿ ಮಾಡುವವನಿಗೆ ನಮ್ಮ ಮನೆಯದು ಕೆಟ್ಟು ಮೂರು ವಾರವಾದದ್ದು ಇನ್ನೂ ಗೊತ್ತಾಗಿಲ್ಲ.

ಈಗ ನಮ್ಮ ಕಡ್ಡಿಯ ಸುದ್ದಿ. ಹೆಸರಿಗೆ ತಕ್ಕಂತೆ ಕಡ್ಡಿಯಾಗಿಯೇ ಇರುವ ನಿನ್ನ ಮಗಳು ಭೂವಿಜ್ಞಾನವನ್ನೇ ಓದುತ್ತೇನೆ ಎಂದು ಹಟ ಹಿಡಿದದ್ದು ನಿನಗೆ ಗೊತ್ತೇ ಇದೆ. ಕಾಲೇಜಿಗೆ ಹೋಗಿ ಓದುವುದೋ, ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಓದುವುದೋ ಎಂಬುದಷ್ಟೇ ಉಳಿದಿತ್ತು. ಹದಿನೈದು ದಿನದ ಹಿಂದೆ ಅವಳೇ ಒಂದು ಉದ್ದನೆಯ ಹಾಳೆಯಲ್ಲಿ ಎರಡರ ಖರ್ಚನ್ನೂ ಅಕ್ಕಪಕ್ಕ ಬರೆದು ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿದಳು. ಒಂದು ಕಡೆ ಕಾಲೇಜಿನ ಫೀಸು, ಹಾಸ್ಟೆಲು, ಊಟ, ಬಸ್ಸು, ಗುಡ್ಡ ಹತ್ತುವ ಬೂಟು, ಕಲ್ಲು ಒಡೆಯುವ ಸುತ್ತಿಗೆ. ಇನ್ನೊಂದು ಕಡೆ ಆನ್‌ಲೈನಿನ ಫೀಸು, ಇಂಟರ್ನೆಟ್ಟು, ಅಂಚೆಯಲ್ಲಿ ಕಳಿಸುವ ಒಂದು ಪೆಟ್ಟಿಗೆ ಕಲ್ಲಿನ ಮಾದರಿ. ಕೆಳಗೆ ಕೂಡಿದ ಮೊತ್ತ. ಕಾಲೇಜಿನದು ಆನ್‌ಲೈನಿನ ಮೂರರಷ್ಟು! ನಿನ್ನ ಗಂಡ ಟವೆಲು ಹೆಗಲ ಮೇಲೆ ಹಾಕಿಕೊಂಡು ನಿಂತಲ್ಲೇ ಓದಿ, ಹೋಗಲಿ, ಅದೂ ಡಿಗ್ರಿಯೇ ತಾನೆ ಎಂದು ನಿಟ್ಟುಸಿರು ಬಿಟ್ಟ. ನಾನೂ ತಲೆಯಾಡಿಸಿದೆ. ನಿನ್ನಿಂದ ಮುಚ್ಚಿಡುವುದೇನು, ನನಗೆ ಒಳಗೊಳಗೇ ಖುಷಿಯಾಗಿತ್ತು. ಮೂರು ವರ್ಷ ಮಗು ಕಣ್ಣೆದುರಿಗೇ ಇರುತ್ತಾಳಲ್ಲ ಎಂಬ ಆಸೆ. ಮುದುಕರ ಸ್ವಾರ್ಥ.

ಆದರೆ ನಲವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನ ಕಣ್ಣು ಸುಮ್ಮನಿರುತ್ತದೆಯೇ? ಕಾಫಿಗೆ ಹಾಲು ಕಾಯುವಷ್ಟು ಹೊತ್ತು ದಿನವೂ ಅದನ್ನೇ ಓದುತ್ತಾ ನಿಲ್ಲುತ್ತಿದ್ದೆ. ಮೊದಲು ಹಾಸ್ಟೆಲು ಕಣ್ಣಿಗೆ ಬಿತ್ತು. ಹನ್ನೆರಡು ತಿಂಗಳ ಬಾಡಿಗೆ ಹಾಕಿದ್ದಾಳೆ, ಕಾಲೇಜು ನಡೆಯುವುದೇ ಹತ್ತು ತಿಂಗಳು. ಮರುದಿನ ಇನ್ನೊಂದು ಸಿಕ್ಕಿತು. ತೊಂಬತ್ತರ ಮೇಲೆ ಅಂಕ ಬಂದವರಿಗೆ ಫೀಸಿನಲ್ಲಿ ಕಾಲು ಭಾಗ ಬಿಡುತ್ತಾರೆ ಎಂದು ಕಾಲೇಜಿನ ಪುಸ್ತಿಕೆಯಲ್ಲೇ ಇದೆ, ಅದನ್ನು ಕಳೆದೇ ಇಲ್ಲ. ಈಚೆ ಕಡೆ ನೋಡಿದರೆ, ಆನ್‌ಲೈನಿನವರೂ ವರ್ಷಕ್ಕೆ ಎರಡು ಸಲ ಪರೀಕ್ಷೆಗೆ ಹೋಗಿ ಎಂಟೆಂಟು ದಿನ ಉಳಿಯಬೇಕು, ಆ ಖರ್ಚಿಲ್ಲ. ಲ್ಯಾಪ್‌ಟಾಪೂ ಇಲ್ಲ, ನಮ್ಮ ಹಳೆಯ ಕಂಪ್ಯೂಟರು ಎದ್ದು ಕೂರುವುದರೊಳಗೆ ಪಾಠವೇ ಮುಗಿದಿರುತ್ತದೆ. ಮಗಳೇ, ಕೈತಪ್ಪಿ ಆಗುವ ತಪ್ಪುಗಳು ಎಡಕ್ಕೂ ಬೀಳುತ್ತವೆ, ಬಲಕ್ಕೂ ಬೀಳುತ್ತವೆ. ಈ ನಾಲ್ಕೂ ಒಂದೇ ಕಡೆಗೆ ಬಿದ್ದಿದ್ದವು. ಗಣಿತದಲ್ಲಿ ತೊಂಬತ್ತೆಂಟು ತೆಗೆದವಳು ಹೀಗೆ ಎಡವುವುದಿಲ್ಲ. ಆನ್‌ಲೈನೇ ಗೆಲ್ಲಲಿ ಎಂದು ಬೇಕೆಂದೇ ಬರೆದ ಲೆಕ್ಕ ಅದು.

ಅವಳನ್ನು ಕೇಳಲಿಲ್ಲ. ಮಂಗಳವಾರ, ಗಡಿಯಾರ ರಿಪೇರಿಯ ಗೆಳೆಯನ ಅಂಗಡಿಗೆ ಹೋಗಿ ಬರುತ್ತೇನೆ ಎಂದು ಸುಳ್ಳು ಹೇಳಿ, ಕೊಡೆಯನ್ನೇ ಊರುಗೋಲು ಮಾಡಿಕೊಂಡು ಎರಡು ಬಸ್ಸು ಹಿಡಿದು ಆ ಕಾಲೇಜಿಗೇ ಹೋದೆ. ಆಫೀಸಿನಲ್ಲಿ ಒಬ್ಬ ಗುಮಾಸ್ತೆ, ಮೂವತ್ತರ ಹೆಣ್ಣುಮಗಳು, ರಿಯಾಯಿತಿಯ ಅರ್ಜಿ ಕೊಟ್ಟು, ಎಲ್ಲೆಲ್ಲಿ ಸಹಿ ಬೇಕೆಂದು ಪೆನ್ಸಿಲಿನಲ್ಲಿ ಗುರುತು ಹಾಕಿದಳು. ಆನ್‌ಲೈನ್ ಓದು ಕಳಪೆಯೇ ಎಂದು ನೇರವಾಗಿ ಕೇಳಿದೆ. ಅವಳ ಡಿಗ್ರಿಯೇ ಆನ್‌ಲೈನಿನದಂತೆ. ಹಗಲು ಇದೇ ಕುರ್ಚಿಯಲ್ಲಿ ಕೆಲಸ ಮಾಡಿ, ಬೆಳಗಿನ ಜಾವ ಎದ್ದು ಪಾಠ ಕೇಳಿ ಪಾಸು ಮಾಡಿದ್ದಾಳೆ. ಹೆಮ್ಮೆಯಿಂದಲೇ ಹೇಳಿದಳು. ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ನನಗೆ ಕೆಲಸ ಬಿಡೋ ಹಾಗಿರಲಿಲ್ಲ ತಾತ, ಅದಕ್ಕೇ ಅದು ನನಗೆ ದೊಡ್ಡ ಉಪಕಾರ ಆಯ್ತು. ನಿಮ್ಮ ಮೊಮ್ಮಗಳಿಗೆ ಬಿಡೋಕಾಗದೇ ಇರೋದು ಏನಿದೆ?" ಎಂದಳು. ನಾನು ಅರ್ಜಿಯನ್ನು ಮಡಚಿ ಜೇಬಿಗಿಟ್ಟೆ.

ಅವಳೇ ನನ್ನನ್ನು ಮಹಡಿಯ ಕಲ್ಲಿನ ಕೋಣೆಗೆ ಕಳಿಸಿದಳು. ಗೋಡೆಯುದ್ದಕ್ಕೂ ನೂರಾರು ಪುಟ್ಟ ಖಾನೆಗಳು, ಪ್ರತಿ ಖಾನೆಯಲ್ಲೂ ಚೀಟಿ ಅಂಟಿಸಿದ ಕಲ್ಲು. ಐದಾರು ಹುಡುಗಿಯರು ಮೇಜಿನ ಸುತ್ತ ನಿಂತು ಒಂದು ಕಲ್ಲನ್ನು ಕೈಯಿಂದ ಕೈಗೆ ದಾಟಿಸುತ್ತಾ ಜೋರಾಗಿ ವಾದ ಮಾಡುತ್ತಿದ್ದರು. ಅಲ್ಲಿನ ಮೇಡಂ ನನ್ನ ಎರಡು ಕೈಗೂ ಒಂದೊಂದು ಬಿಳಿ ಕಲ್ಲು ಇಟ್ಟರು. ನೋಡಲು ಅವಳಿ ಜವಳಿ, ಫೋಟೋದಲ್ಲಿ ವ್ಯತ್ಯಾಸವೇ ಕಾಣದು. ಎಡಗೈಯದು ಮಾತ್ರ ಕಬ್ಬಿಣದಂತೆ ಜಗ್ಗಿತು. ಕಡ್ಡಿ ಇದನ್ನು ಹಿಡಿದು ನೋಡಬೇಕಲ್ಲ ಎಂದು ಮನಸ್ಸು ತಡೆಯಲಿಲ್ಲ ಮಗಳೇ.

ಮನೆಗೆ ಬಂದರೆ ಕಡ್ಡಿ ಬಾಗಿಲಲ್ಲೇ ನಿಂತಿದ್ದಾಳೆ. ಗಡಿಯಾರದವನಿಗೆ ಫೋನು ಮಾಡಿ, ನಾನು ಅಲ್ಲಿಗೆ ಹೋಗಿಲ್ಲವೆಂದು ತಿಳಿದು ಬೀದಿಯೆಲ್ಲ ಹುಡುಕಿದ್ದಾಳೆ. ಥೇಟ್ ನಿನ್ನ ಹಾಗೆ ಸೊಂಟದ ಮೇಲೆ ಕೈ ಇಟ್ಟುಕೊಂಡು ಬೈದಳು. ಬೈದು ಮುಗಿಯಲಿ ಎಂದು ಕಾದೆ. ಆಮೇಲೆ ಕಪಾಟಿನ ಹಾಳೆ ಕಿತ್ತು ತಂದು, ಕೆಂಪು ಶಾಯಿಯಲ್ಲಿ ನಾಲ್ಕು ಕಡೆ ಗುರುತು ಹಾಕಿ ಅವಳ ಮುಂದಿಟ್ಟೆ. ಒಂದೊಂದೇ ಗುರುತಿನ ಮೇಲೆ ಬೆರಳಾಡಿಸಿದಳು.

"ಹೋದ ತಿಂಗಳು ಬಚ್ಚಲಲ್ಲಿ ನೀನು ಜಾರಿದಾಗ ನಾನು ಮನೇಲಿದ್ದೆ ತಾತ," ಎಂದಳು. "ಇಲ್ಲದಿದ್ರೆ?"

ಹೌದು, ಬಿದ್ದಿದ್ದೆ. ನಿನಗೆ ಹೇಳಬಾರದೆಂದು ಅಪ್ಪ ಮಗಳಿಬ್ಬರಿಂದಲೂ ಮಾತು ತೆಗೆದುಕೊಂಡಿದ್ದೆ. ಮೊಣಕೈ ತರಚಿತ್ತು, ಅಷ್ಟೇ. ಗಾಬರಿಯಾಗಬೇಡ. ನನ್ನನ್ನು ಕಾಯುವುದಕ್ಕೆ ಈ ಮಗು ತನ್ನ ಮೂರು ವರ್ಷವನ್ನು ಸದ್ದಿಲ್ಲದೆ ಮಡಚಿ ಇಟ್ಟುಬಿಟ್ಟಿತ್ತಲ್ಲ! "ಇವತ್ತು ನಾಲ್ಕು ಬಸ್ಸು ಹತ್ತಿ ಇಳಿದಿದ್ದೀನಿ. ನೀನು ಕಾಯಬೇಕಾದ ಮುದುಕ ನಾನಲ್ಲ," ಎಂದೆ. ಅಳುತ್ತಲೇ ನಕ್ಕಳು. ಆಮೇಲೆ ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ, ಆ ಮೇಡಂ ಕೊಟ್ಟ ಕಲ್ಲಿನ ತೂಕ, ಹೊಳಪು, ಗೆರೆ ಎಲ್ಲವನ್ನೂ ಕೆದಕಿ ಕೆದಕಿ ಕೇಳಿದಳು. ನನಗೆ ಬೇಕಾದ ಉತ್ತರ ಅದರಲ್ಲೇ ಸಿಕ್ಕಿತು.

ಅಂದೇ ಸಂಜೆ ಮೂವರೂ ಕೂತು ಹೊಸ ಹಾಳೆಯಲ್ಲಿ ಲೆಕ್ಕ ಬರೆದೆವು. ಕಾಲೇಜು ಈಗಲೂ ದುಬಾರಿಯೇ, ಆನ್‌ಲೈನಿನ ಎರಡರಷ್ಟಕ್ಕೆ ಸ್ವಲ್ಪ ಕಮ್ಮಿ. ಆದರೆ ಎತ್ತಲಾಗದ ಹೊರೆಯಲ್ಲ. ನಿನ್ನ ಗಂಡ ಎರಡು ಸಲ ಕೂಡಿ, ಒಂದು ಸಲ ಕಳೆದು, ಕಡೆಗೆ ಪೆನ್ನಿನ ಮುಚ್ಚಳ ಹಾಕಿ, ಬೂಟು ಮಾತ್ರ ಒಳ್ಳೆಯದೇ ಕೊಳ್ಳೋಣ ಎಂದ. ಮರುದಿನವೇ ಬಚ್ಚಲಿಗೆ ಹಿಡಿಕೆ ಹೊಡೆದ, ಆನೆ ಜೋತುಬಿದ್ದರೂ ಕಿತ್ತು ಬರದಂಥದ್ದು. ಇನ್ನುಮೇಲೆ ಮಧ್ಯಾಹ್ನದ ಊಟಕ್ಕೆ ಅಂಗಡಿ ಮುಚ್ಚಿ ಮನೆಗೇ ಬರುತ್ತಾನಂತೆ. ಶುಕ್ರವಾರ ರಿಯಾಯಿತಿಯೂ ಸಿಕ್ಕಿ ಸೀಟು ಖಾತ್ರಿಯಾಯಿತು. ಆಗಸ್ಟ್ ಒಂದಕ್ಕೆ ಕಡ್ಡಿ ಹೊರಡುತ್ತಾಳೆ. ಈಗಲೇ ಹಿತ್ತಿಲ ಕಲ್ಲುಗಳನ್ನೆಲ್ಲ ತೊಳೆದು ಕಿಟಕಿಯ ಮೇಲೆ ಸಾಲಾಗಿ ಇಟ್ಟಿದ್ದಾಳೆ. ಮನೆಯಲ್ಲಿ ನೆಮ್ಮದಿಯಿದೆ.

ನಿನ್ನ ಜೊತೆ ಕೆಲಸ ಮಾಡುವ ಹೆಣ್ಣುಮಕ್ಕಳಿಗೆಲ್ಲ ಈ ಮುದುಕ ಕೇಳಿದನೆಂದು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ನನ್ನ ಪಾಲಿನ ಒಳ್ಳೆಯದೆಲ್ಲ ನಿನಗೇ ಸೇರಲಿ.

ನಿನ್ನ
ಮಾವ

ತಾ.ಕ.: ಲಕೋಟೆ ಅಂಟಿಸುವಾಗ ನಿನ್ನ ಗಂಡ ಬಾಯಿಬಿಟ್ಟ. ಮಗಳ ಓದಿಗೆಂದು ನೀನು ಇನ್ನೂ ಎರಡು ವರ್ಷ ಅಲ್ಲೇ ಇರುವುದಾಗಿ ಸಹಿ ಹಾಕಲು ಹೊರಟಿದ್ದೀಯಂತೆ. ಹಾಕಬೇಡ. ರಿಯಾಯಿತಿ ಕಳೆದು ಉಳಿಯುವ ಖರ್ಚನ್ನು ಅಂಗಡಿ ಮತ್ತು ನನ್ನ ಪಿಂಚಣಿ ತೂಗಿಸುತ್ತವೆ, ಮೂವರೂ ಮೂರು ಸಲ ಕೂಡಿ ನೋಡಿದ್ದೇವೆ. ನೀನಿಲ್ಲದ ವರ್ಷಗಳನ್ನು ಮಾತ್ರ ಯಾವ ಕಡೆಗೆ ಬರೆಯಬೇಕೋ ಯಾರಿಗೂ ತಿಳಿಯಲಿಲ್ಲ. ಡಿಸೆಂಬರಿಗೆ ಕರಾರು ಮುಗಿದ ಕೂಡಲೇ ಬಂದುಬಿಡು.