ಹಬ್ಬದ ದಿನ ತೊಳೆದ ಕಾರ್ಡು

ಕತ್ರಿಗುಪ್ಪೆ, ಬೆಂಗಳೂರು
ಭಾನುವಾರ, 5 ಅಕ್ಟೋಬರ್ 2025

ಪ್ರೀತಿಯ ಮಗಳು ಶೃತಿಗೆ,

ಹೇಗಿದ್ದೀಯಮ್ಮಾ? ಜಿಗಣೆ ಕಚ್ಚಿದ ಕಾಲು ವಾಸಿಯಾಯಿತೇ, ಇಲ್ಲಾ ಇನ್ನೂ ಕೆರೆದುಕೊಂಡೇ ಕಾಡು ಸುತ್ತುತ್ತಿದ್ದೀಯೋ? ಕ್ಯಾಂಪಿನಲ್ಲಿ ದಿನಾ ಬರೀ ಅನ್ನ, ತಿಳಿಸಾರು ಅಂತ ಜೀಪಿನ ತಿರುಮಲೇಶ ಹೇಳಿದ. ಅದಕ್ಕೇ ಅವನ ಕೈಯಲ್ಲಿ ಈ ಕಾಗದದ ಜೊತೆ ಹುರಳಿ ಚಟ್ನಿಪುಡಿ, ಕೋಡುಬಳೆ ಕಳಿಸುತ್ತಿದ್ದೇನೆ. ನಿಮ್ಮಮ್ಮನ ಮಂಡಿನೋವು ಈಗ ಪರವಾಗಿಲ್ಲ.

ಮೊದಲು ಒಳ್ಳೆ ಸುದ್ದಿ ಹೇಳಿಬಿಡುತ್ತೇನೆ, ಬೈಯುವುದನ್ನು ಆಮೇಲೆ ಬೈಯುವೆಯಂತೆ. ಕಾಡಿನಲ್ಲಿ ಕಟ್ಟಿದ ಕ್ಯಾಮೆರಾದಿಂದ ನೀನು ತೆಗೆದು ಕಳಿಸಿದ ಕಾರ್ಡಿನಲ್ಲಿ ಆನೆಗಳಿದ್ದವು! ಶುಕ್ರವಾರ ಅಣೆಕಟ್ಟು ಕಂಪನಿಯವರ ಜೊತೆಗಿನ ಸಭೆಯಲ್ಲಿ ಎಲ್ಲರೂ ನೋಡಿದರಂತೆ. ಅಣೆಕಟ್ಟಿನಿಂದ ವಿದ್ಯುತ್ ತಯಾರಿಸುವ ಘಟಕಕ್ಕೆ ನೀರೊಯ್ಯಲು ಆ ಇಳಿಜಾರಿನಲ್ಲಿ ಆನೆಗಳ ದಾರಿ ಕಡಿಯುವ ತೆರೆದ ನಾಲೆ ತೋಡುವುದಿಲ್ಲವಂತೆ, ನೀರು ನೆಲದಡಿ ಸುರಂಗದಲ್ಲಿ ಹೋಗುತ್ತದಂತೆ. ನಿಮ್ಮ ಆಫೀಸಿನ ಶಿವಕಿರಣ್ ಸಾರ್ ಇದನ್ನು ಹೇಳಲು ಫೋನ್ ಮಾಡಿದಾಗ ನಾನು ಬನಶಂಕರಿ ಬಸ್‌ಸ್ಟ್ಯಾಂಡಿನ ಹತ್ತಿರ ಸೀಬೆಹಣ್ಣಿಗೆ ಚೌಕಾಸಿ ಮಾಡುತ್ತಿದ್ದೆ. ಖುಷಿಯಲ್ಲಿ ಹಣ್ಣಿನಾಕೆ ಕೇಳಿದಷ್ಟು ಕೊಟ್ಟು ಬಂದೆ.

ಆದರೆ ಆ ಕಾರ್ಡು ಸಭೆಗೆ ತಲುಪಿದ ಕಥೆ ಕೇಳು. ಬುಧವಾರ ಆಯುಧಪೂಜೆ, ನಿಮ್ಮ ಜಯನಗರದ ಆಫೀಸಿಗೆ ಬೀಗ. ತಿರುಮಲೇಶ ಕ್ಯಾಮೆರಾ ಕಾರ್ಡನ್ನು ನಮ್ಮ ಮನೆಗೇ ತಂದುಕೊಟ್ಟ. 'ಹುಷಾರಣ್ಣಾ, ಕ್ಯಾಂಪಿನ ಲ್ಯಾಪ್‌ಟಾಪ್ ಕೆಟ್ಟೋಗಿ ಬೇರೆ ಕಾಪಿ ಇಲ್ಲ. ಮಳೆಗಾಲದಲ್ಲಿ ಆನೆ ಆ ಕಡೆ ಬರಲ್ಲ ಅಂತಾವ್ರೆ ಕಂಪನಿಯವ್ರು. ಬರ್ತವೋ ಇಲ್ವೋ ಹೇಳೋಕೆ ಇರೋದು ಇದೊಂದೇ' ಅಂದ. ಹೋಗುವಾಗ ಸುಮ್ಮನೆ ಹೋಗಬಾರದೇ? 'ಇದೇ ನೋಡಜ್ಜಿ ನಿಮ್ಮ ಮೊಮ್ಮಗಳ ಆಯುಧ' ಅಂತ ಒಂದು ತಮಾಷೆ ಬೇರೆ. ನಾನು ಕಾರ್ಡನ್ನು ಟೀವಿ ಪಕ್ಕ ಇಟ್ಟು ಸ್ಕೂಟರ್ ತೊಳೆದು ಬರುವಷ್ಟರಲ್ಲಿ ಅದು ಮಾಯ! ನೋಡಿದರೆ ದೇವರ ಮುಂದೆ ಈಳಿಗೆಮಣೆ, ಮಚ್ಚು, ನಿಮ್ಮಮ್ಮನ ಕತ್ತರಿ, ಅವುಗಳ ನಡುವೆ ನಿನ್ನ ಕಾರ್ಡು, ಮೈತುಂಬ ಅರಿಶಿನ ಕುಂಕುಮ. ಪೂಜೆಗೆ ಮುಂಚೆ ಎಲ್ಲವನ್ನೂ ತೊಳೆಯುತ್ತೇವಲ್ಲ, ನಿಮ್ಮಜ್ಜಿ ಇದನ್ನೂ ತೊಳೆದಿದ್ದಾಳೆ. ಅದೂ ಹುಣಸೇಹಣ್ಣು ಹಾಕಿ!

ನೀನು ಮಳೆಗಾಲವೆಲ್ಲ ಆ ಕೆಸರಿನಲ್ಲಿ ಬಿದ್ದು ಎದ್ದು ಪಟ್ಟ ಪಾಡು ನೆನಪಾಗಿ ಬಾಯಿಗೆ ಬಂದಂತೆ ಕೂಗಾಡಿದೆ. ಈಗಲೇ ಕಂಪ್ಯೂಟರಿಗೆ ಹಾಕಿ ನೋಡೋಣವೆಂದು ಕೈಚಾಚಿದರೆ ಅಜ್ಜಿ ಅಡ್ಡ ನಿಂತಳು. 'ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಟಂಗಿಲ್ಲ ಕಣೋ, ನಾಳೆ ತಗೋ.' ಎಷ್ಟು ಗೋಗರೆದರೂ ಜಪ್ಪಯ್ಯ ಅನ್ನಲಿಲ್ಲ. ನಾನು ಫೋನ್ ಮಾಡಿ ಹೇಳಿದ್ದಕ್ಕೆ ಗುರುವಾರ ಶಿವಕಿರಣ್ ಸಾರ್ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೇ ಓಡಿ ಬಂದರು. ಕುಂಕುಮ ಒರೆಸಿ ಕಾರ್ಡು ಹಾಕಿದರು. ಫೋಟೋಗಳು ಪಟಪಟನೆ ಬಂದವು ಮಗಳೇ! ಕಡವೆ, ಸೀಳುನಾಯಿ, ಆಮೇಲೆ ಆ ಇಳಿಜಾರು ಇಳಿಯುವ ತಾಯಿ ಆನೆ, ಅದರ ಕಾಲಿಗೆ ಅಂಟಿಕೊಂಡೇ ಮರಿ. 'ನಿನ್ನೆ ಒದ್ದೆ ಇದ್ದಾಗ ಹಾಕಿದ್ರೆ ಶಾರ್ಟ್ ಆಗಿ ಎಲ್ಲಾ ಹೋಗ್ಬಿಡ್ತಿತ್ತು ಸಾರ್. ಒಂದಿನ ಒಣಗಿದ್ದೇ ಒಳ್ಳೇದಾಯ್ತು' ಅಂದರು. ನಾನು ನಗುತ್ತಾ ನಗುತ್ತಾ ಅತ್ತೇಬಿಟ್ಟೆ.

ಕಣಿವೆಯ ತಳದ ಹುಲ್ಲುಗಾವಲು ಅಣೆಕಟ್ಟಿನ ನೀರಿನಲ್ಲಿ ಮುಳುಗುವುದು ಮಾತ್ರ ತಪ್ಪಲಿಲ್ಲವಂತೆ. ಆ ಕಡವೆಗಳು ಎಲ್ಲಿಗೆ ಹೋಗಬೇಕು ಅಂತ ನೀನು ಕೊರಗುತ್ತೀಯ, ನನಗೆ ಗೊತ್ತು. ನಮ್ಮ ಹೊಲ ಬಡಾವಣೆಯಾದ ಮೇಲೂ ನಮ್ಮ ಗೌರಿ ಹಸು ಸಂಜೆಯಾದರೆ ಯಾರದೋ ಹೊಸ ಕಾಂಪೌಂಡಿನ ಮುಂದೆ ಹೋಗಿ ನಿಲ್ಲುತ್ತಿತ್ತು. ಅದರಾಚೆ ಕೆರೆಯ ದಾರಿ ಇತ್ತಲ್ಲ. ಆಗ ಅದರ ಪರವಾಗಿ ಕೇಳುವವರು ಯಾರೂ ಇರಲಿಲ್ಲ. ಈಗ ಹಾಗೆ ಕೇಳುವವಳು ನನ್ನ ಮಗಳು ಅಂದರೆ ನನಗೆಷ್ಟು ಹೆಮ್ಮೆ ಗೊತ್ತಾ? ಸುರಂಗದ ಮೇಲಿನ ದಾರಿಯಲ್ಲಿ ಆ ಮರಿ ಬೆಳೆದು ದೊಡ್ಡದಾಗಿ ಓಡಾಡಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಆನೆಗೆ ದಾರಿ ಬಿಡಿಸಿದ್ದು ಸಾಕು, ನೀನೂ ಅದರ ದಾರಿಗೆ ಅಡ್ಡ ಹೋಗಬೇಡ. ಬನಶಂಕರಮ್ಮ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಕೆಂಪರಾಜು

ತಾ.ಕ.: ತಿರುಮಲೇಶ ಹೊರಗೆ ಹಾರನ್ ಹೊಡೆಯುತ್ತಿದ್ದಾನೆ. ಅಜ್ಜಿ ಬುಧವಾರದಿಂದ ನನ್ನ ಜೊತೆ ಮಾತಾಡಿಲ್ಲ. ಸಿಗ್ನಲ್ ಸಿಕ್ಕ ಕೂಡಲೇ ಮೊದಲು ಅವಳಿಗೇ ಫೋನ್ ಮಾಡು, ಬೈಯಬೇಡ. ನಾನು ಅಷ್ಟು ಕೂಗಾಡಿದಾಗ ಅವಳು ಅಂದಿದ್ದು ಇಷ್ಟೇ: 'ನಾವೆಲ್ಲ ಮನೇಲಿದೀವಿ. ಕಾಡಲ್ಲಿರೋದು ಮಗು ಒಬ್ಳೇ. ಅವಳ ಸಾಮಾನಿಗೆ ಪೂಜೆ ಮಾಡ್ದೆ ಇನ್ಯಾವುದಕ್ಕೆ ಮಾಡ್ಲಿ?'