ಸೊಟ್ಟ ತೇಪೆಯ ಕೌದಿ

ಸರಸಂಬಾ, ಆಳಂದ ತಾಲೂಕು
೮ ಜನವರಿ ೧೯೪೦

ಪ್ರೀತಿಯ ಸೊಸೆ ಸುಲಭಾ,

ನಿನಗೂ ಕೂಸಿಗೂ ನನ್ನ ಆಶೀರ್ವಾದ. ಮೈಯಲ್ಲಿ ಈಗ ಶಕ್ತಿ ಬಂದಿದೆಯೇ? ಹಾಲು ಸಾಲುತ್ತಿದೆಯೇ? ಜೇವರ್ಗಿಯಲ್ಲೂ ಥಂಡಿ ಇರಬೇಕು, ಕುಂಚಿಗೆ ಕಟ್ಟದೆ ಕೂಸನ್ನು ಹೊರಗೆ ತರಬೇಡ. ಹೆರಿಗೆಗೆಂದು ತವರಿಗೆ ಹೋದವಳು, ಕೂಸಿಗೆ ಐದು ತಿಂಗಳಾದರೂ ಬರಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ ನಿನ್ನ ಗಂಡ ಹರಿ, ದಿನ ಚೆನ್ನಾಗಿಲ್ಲ ಅನ್ನುತ್ತಾನೆ. ದಿನ ಚೆನ್ನಾಗಿಯೇ ಇವೆ, ಚೆನ್ನಾಗಿಲ್ಲದ್ದು ನನ್ನ ಬಾಯಿ ಎಂದು ನಮ್ಮಿಬ್ಬರಿಗೂ ಗೊತ್ತು.

ಇನ್ನು ಇಲ್ಲಿಯ ಸುದ್ದಿ. ದೀಪಾವಳಿ ಮುಗಿದ ಮೇಲೆ ಅಂಬಾರಾಯ ಸಾವಕಾರರು ನಮ್ಮ ಓಣಿಗೆ ಬಂದಿದ್ದರು. ಸೊಲ್ಲಾಪುರದಿಂದ ಮುಂಬಯಿಗೆ ಚಾದರ ಕಳಿಸುತ್ತಾರಲ್ಲ, ಅವರೇ. ಅಲ್ಲಿಯ ಬಂಗಲೆಯವರಿಗೆ ಈಗ ಕೌದಿ ಬೇಕಂತೆ, ಹೊದೆಯುವುದಕ್ಕಲ್ಲ, ಗೋಡೆಗೆ ತೂಗುಹಾಕುವುದಕ್ಕೆ! ನಾನು ನಕ್ಕುಬಿಟ್ಟೆ. ಬಿಸಿಲಿಗೆ ಹಾಕಿದ್ದ ಕೌದಿಗಳನ್ನೆಲ್ಲ ಮಗುಚಿ ನೋಡಿದರು. ನಲವತ್ತು ವರ್ಷದ ನನ್ನ ನೇರ ಹೊಲಿಗೆ ಅವರ ಕಣ್ಣಿಗೆ ಬೀಳಲೇ ಇಲ್ಲ. ತೀರಿಹೋದ ನಿನ್ನ ಮಾವನವರ ಧೋತರಗಳಿಂದ ನಾನು ಹೊಲಿದ ಕೌದಿಯ ಮುಂದೆ ನಿಂತುಬಿಟ್ಟರು. ನೀನು ಮದುವೆಯಾಗಿ ಬಂದ ಹೊಸತರಲ್ಲಿ ಶೇಗಡಿಯ ಕೆಂಡ ಬೀಳಿಸಿ ಸುಟ್ಟು, ಹೆದರಿ, ನಿನ್ನ ಮದುವೆ ಸೀರೆಯ ಕೆಂಪು ಚೂರಿನಿಂದ ಸೊಟ್ಟ ತೇಪೆ ಹಾಕಿದ್ದೆಯಲ್ಲ, ಅದೇ ಕೌದಿ. "ಇಂಥಾ ತ್ಯಾಪಿ ಇರೋವು ಹತ್ತು ಬೇಕ್ರಿ ಬಾಯಾರ" ಅಂದರು.

ಹಳೆ ಬಟ್ಟೆ ಬೇಡವಂತೆ, ಗಿರಣಿಯ ಹೊಸ ಬಟ್ಟೆ ಕಳಿಸಿದ್ದಾರೆ. ಅಳತೆ ಒಂದೇ, ಸುತ್ತಲೂ ಕಪ್ಪು ಅಂಚು, ಮೂಲೆಯಲ್ಲಿ ನಿನ್ನ ತೇಪೆ. ಎಲ್ಲವನ್ನೂ ಕಾಗದದ ಮೇಲೆ ಬರೆಸಿ ಕೊಟ್ಟಿದ್ದಾರೆ. ಕೂಸಿಗೆ ದೃಷ್ಟಿ ತಾಕದಂತೆ ಈ ಸೀಮೆಯ ಹೆಂಗಸರು ಹಿಂದಿನಿಂದ ಹಾಕುತ್ತ ಬಂದ ಗುರುತು ಇದು ಎಂದು ಕೊಳ್ಳುವವರಿಗೆ ಹೇಳುತ್ತಾರಂತೆ. ಹಿಂದಿನಿಂದ ಅಂದರೆ ಎರಡು ವರ್ಷದಿಂದ! ಪಕ್ಕದ ಮನೆಯ ಖುರ್ಷಿದ ಅದನ್ನು ಕೇಳಿ ಮೊಮ್ಮಗನ ಕೌದಿಗೂ ಒಂದು ತೇಪೆ ಹಚ್ಚಿದ್ದಾಳೆ. "ಸುಳ್ಳಿದ್ರೂ ಇರ್ಲಿ ಬಿಡ್ರಿ ಅಕ್ಕಾ, ಕೂಸಿಗೇನು ಚುಚ್ಚೂದಿಲ್ಲ" ಅನ್ನುತ್ತಾಳೆ.

ಮೊದಲೆಲ್ಲ ಕೌದಿಯ ಮೇಲೆ ಕೈಯಾಡಿಸಿದರೆ ಇದು ನಮ್ಮವ್ವನ ಸೀರೆ, ಇದು ಹರಿಯ ಅಂಗಿ ಎಂದು ತಿಳಿಯುತ್ತಿತ್ತು. ಈ ಹೊಸ ಬಟ್ಟೆಯಲ್ಲಿ ಯಾರೂ ಇಲ್ಲ. ತೂತೇ ಇಲ್ಲದ ಕಡೆ ತೇಪೆ ಹಾಕಲು ನಾಚಿಕೆಯಾಗುತ್ತದೆ. ಅದಾದರೂ ಸರಿಯಾಗಿ ಬರುತ್ತದೆಯೇ? ನನ್ನ ಕೈ ನೇರವಾಗಿಯೇ ಹೋಗುತ್ತದೆ. ನಾಲ್ಕು ಕೌದಿ ವಾಪಸು ಬಂದವು. "ನಿಮ್ಮ ಸೊಸೀ ಕೈಯಂಗ ಬರವಲ್ದು" ಅಂದರು ಸಾವಕಾರರು. ಆಗ ನೆನಪಾಯಿತು. ಆ ದಿನ ನಾನು "ನನ್ನ ಗಂಡನ ಗುರುತು ಸುಟ್ಟಿ" ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದೆ, ನೀನು ತಲೆ ತಗ್ಗಿಸಿ ಹೊಲಿಯುತ್ತಿದ್ದೆ. ನಡುಗುವ ಕೈಯಿಂದ ಬಂದ ಸೊಟ್ಟು ಅದು, ಕಾಗದ ನೋಡಿ ಹೇಗೆ ಬಂದೀತು? ಆಮೇಲೂ ನೀನು ತವರಿಗೆ ಹೋಗುವವರೆಗೆ ಅದೇ ಮಾತನ್ನು ಎತ್ತಿ ಎತ್ತಿ ಆಡಿದೆ. ತಪ್ಪು ನನ್ನದು, ಸುಲಭಾ.

ನಿನ್ನ ತಂದೆತಾಯಿಗೆ ನನ್ನ ನಮಸ್ಕಾರ ತಿಳಿಸು. ಕೂಸಿನ ಕೆನ್ನೆಗೆ ನನ್ನದೊಂದು ಮುತ್ತು.

ನಿನ್ನ ಅತ್ತೆ,
ಸುಭದ್ರಾಬಾಯಿ

ತಾ.ಕ.: ಸಾವಕಾರರು ನಿನ್ನ ತೇಪೆಯ ಕೌದಿಯನ್ನೇ ಕೇಳಿದರು. ಕೊಡಲಿಲ್ಲ, ನಿನ್ನ ಹಾಸಿಗೆಯ ಮೇಲಿದೆ. ಪತ್ರದ ಜೊತೆಗಿನ ಗಂಟಿನಲ್ಲಿ ಕೂಸಿಗೊಂದು ಸಣ್ಣ ಕೌದಿ ಇಟ್ಟಿದ್ದೇನೆ, ನನ್ನ ಹಳೆಯ ಸೀರೆಯದು. ಅದಕ್ಕೂ ನಿನ್ನಂಥ ತೇಪೆ ಬರಲೆಂದು ನಾನೇ ಕೆಂಡ ಇಟ್ಟು ಸುಟ್ಟೆ. ಕೈ ನಡುಗಿತು, ಸೊಟ್ಟಗೆ ಬಂತು. ಭಾನುವಾರ ಹರಿ ಕರೆಯಲು ಬರುತ್ತಾನೆ. ಈಗ ಈ ಮನೆಯಲ್ಲಿ ಕೌದಿ ಸುಟ್ಟವರು ಇಬ್ಬರಿದ್ದೇವೆ, ಹೆದರದೆ ಬಾ.