ಶನಿವಾರದ ಹಾಡಿನವರ ಮುಂದೆ

ತಮ್ಮಾ,

ಈ ಮನೆಯ ಹಿರಿಯಳು ನಾನು. ಹೈಸ್ಕೂಲಿನವರೆಗೆ ಓದಿದವಳು. ಅಮ್ಮ ಹೋದಾಗ ನನಗೆ ಹತ್ತೊಂಬತ್ತು, ನಿನಗೆ ಆರು. ಅಂದಿನಿಂದ ಮದುವೆ ಮಾತುಕತೆಯಿಂದ ಹಿಡಿದು ಗೋಡೆಯ ಬಣ್ಣದವರೆಗೆ ಇಲ್ಲಿ ಯಾವುದೂ ನನ್ನನ್ನು ಕೇಳದೆ ನಡೆದಿಲ್ಲ. ಆಡಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡದ್ದೂ ಇಲ್ಲ. ನಿನಗೆ ಗೊತ್ತಿರುವುದೇ. ಮುಂದಿನದನ್ನು ಓದುವಾಗ ನೆನಪಿರಲಿ ಎಂದು ಬರೆದೆ.

ನಿನ್ನ ಕೆಲಸ ನನಗೆ ಎಂದೂ ಪೂರ್ತಿ ಅರ್ಥವಾಗಲಿಲ್ಲ. ನೀನು ವಿಶ್ವವಿದ್ಯಾಲಯದ ವೃಂದಗಾನದ ನಿರ್ದೇಶಕನಾದ ವರ್ಷ ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದೆ. ಅರವತ್ತು ಮಕ್ಕಳು ನಮ್ಮ ಕಡೆ ಮುಖಮಾಡಿ ಹಾಡಿದರು. ನೀನೊಬ್ಬ ಮಾತ್ರ ಬೆನ್ನು ತಿರುಗಿಸಿ ನಿಂತಿದ್ದೆ. ಮುಗಿದ ಮೇಲೆ ಕುಲಪತಿಗಳ ಎದುರಿಗೇ ನಾನು ನಿನ್ನನ್ನು ಬೈದೆ: "ದೊಡ್ಡೋರು ಕೂತಿದ್ದಾರೆ, ಒಂದ್ಸಲವಾದ್ರೂ ಈ ಕಡೆ ತಿರುಗ್ಬಾರ್ದಾ? ಇದೇನಾ ನಾನು ಕಲಿಸಿದ್ದು?" ಅವರು ನಕ್ಕರು. ನೀನು ನಗಲಿಲ್ಲ. "ತಪ್ಪಾಯ್ತು ಅಕ್ಕಾ" ಅಂದೆ. ಹಾಡಿಸುವವನು ಹಾಡುವವರ ಕಡೆಗೇ ಮುಖಮಾಡಿ ನಿಲ್ಲಬೇಕಂತೆ, ತಪ್ಪು ನಿನ್ನದಲ್ಲ ಎಂದು ಆಮೇಲೆ ತಿಳಿಯಿತು. ಹೇಳಲು ಬಾಯಿ ಬರಲಿಲ್ಲ.

ವಿಭಾಗದ ಮುಖ್ಯಸ್ಥನಾಗಬೇಕಾದರೆ ಹೊರಗೆ ಶನಿವಾರ ಶನಿವಾರ ಊರ ಜನಕ್ಕೆ ಹಾಡು ಕಲಿಸುವ ಗುಂಪನ್ನು ಬಿಡಬೇಕೆಂದು ವಿಶ್ವವಿದ್ಯಾಲಯದವರು ಹೇಳಿದಾಗ ನೀನು ನನ್ನ ಬಳಿ ಬಂದೆ. ಇಪ್ಪತ್ತೆರಡು ವರ್ಷ ದಾರಿಹೋಕರಿಗೆಲ್ಲ ಹಾಡು ಕಲಿಸಿದ್ದು ಸಾಕು ಎಂದೆ ನಾನು. ನೀನು ಎದುರಾಡಲಿಲ್ಲ. ಗುಂಪಿನವರ ಮುಖ ನೋಡುವ ಧೈರ್ಯವಿಲ್ಲದೆ, ಇನ್ನು ಬರುವುದಿಲ್ಲವೆಂದು ಚೀಟಿ ಕಳಿಸಿದೆ. ವಿದ್ಯಾರ್ಥಿಗಳನ್ನು ಸ್ಪರ್ಧೆಗೆ ಕರೆದುಕೊಂಡು ಹೊರಡುವ ದಿನ ಹಾಡಿನ ಹಾಳೆಗಳ ಕಟ್ಟನ್ನು ನನ್ನ ಮುಂದಿಟ್ಟು, "ಇದನ್ನ ನೀನೇ ತಲುಪಿಸಿಬಿಡು. ವಾಪಸ್ ಬಂದು ಆ ಹುದ್ದೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕ್ತೀನಿ" ಅಂದೆ.

ಶನಿವಾರ ಐದಕ್ಕೆ ಹೋದೆ. ಗ್ರಂಥಾಲಯದ ಹಿಂದಿನ ಕೋಣೆ, ಮಡಚುವ ಕುರ್ಚಿಗಳು, ಒಂದು ಕಾಲಿಗೆ ರಟ್ಟು ಕೊಟ್ಟು ನಿಲ್ಲಿಸಿದ ಪಿಯಾನೊ. ನಲವತ್ತು ಜನ ಆಗಲೇ ಹಾಡುತ್ತಿದ್ದರು. ಮುಂದೆ ಯಾರೂ ಇರಲಿಲ್ಲ. ನಿನ್ನ ಜಾಗವನ್ನು ಹಾಗೇ ಬಿಟ್ಟು, ಅದನ್ನೇ ನೋಡುತ್ತ ಹಾಡುತ್ತಿದ್ದರು. ಬಸ್ ಡ್ರೈವರೊಬ್ಬ ತೊಡೆ ತಟ್ಟಿ ತಾಳ ಹಿಡಿದಿದ್ದ. ಕೊನೆಗೆ ಒಂದು ಸ್ವರ ಎಳೆದರು ನೋಡು, ನಾನು ನಾಲ್ಕು ಸಲ ಉಸಿರಾಡಿದರೂ ಅದು ತುಂಡಾಗಲಿಲ್ಲ.

ಪಕ್ಕದಲ್ಲಿದ್ದ ಲಾಂಡ್ರಿಯ ಹೆಂಗಸನ್ನು, "ನಿಮಗೆಲ್ಲ ಉಸಿರೇ ಬೇಡ್ವೇನಮ್ಮಾ?" ಎಂದು ಕೇಳಿದೆ.

"ಅಕ್ಕಪಕ್ಕದೋರು ಒಟ್ಟಿಗೆ ಉಸಿರು ತಗೋಬಾರ್ದು ಅಂತ ಮೇಷ್ಟ್ರು ಕಲಿಸಿದ್ದಾರೆ. ಇವಳು ನಿಲ್ಲಿಸಿದಾಗ ನಾನು ಎಳೀತೀನಿ, ನಾನು ನಿಲ್ಲಿಸಿದಾಗ ಇವಳು" ಎಂದಳು. ಆಮೇಲೆ ದನಿ ತಗ್ಗಿಸಿ, "ಈಗ ಅವರೇ ಬರಲ್ವಂತೆ. ಮನೇಲಿ ಅಕ್ಕ ಬೇಡ ಅಂದ್ರಂತೆ. ಮಹಾ ಗಟ್ಟಿ ಹೆಂಗಸಂತೆ ಕಣಮ್ಮಾ, ಮೇಷ್ಟ್ರು ಗಡಗಡ ನಡುಗ್ತಾರಂತೆ."

"ಆಯಮ್ಮನ್ನ ಒಂದಿನ ತಂದು ಹಿಂದಿನ ಸಾಲಲ್ಲಿ ನಿಲ್ಲಿಸ್ಬೇಕು" ಎಂದು ಡ್ರೈವರ್ ನಕ್ಕ.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮುಖ್ಯಸ್ಥನ ಕುರ್ಚಿ ನಿನ್ನದಾದರೂ ಅದರಲ್ಲಿ ನಾನೇ ಕೂರಬೇಕೆಂದಿದ್ದೆ. ಅವರಂದದ್ದು ನಿಜ, ಅಷ್ಟೇ. ಹಾಳೆಗಳ ಕಟ್ಟನ್ನು ಅವಳ ಕೈಗಿಟ್ಟು ಎಲ್ಲರ ಮುಂದೆ ಹೋಗಿ ನಿಂತೆ.

"ಆ ಗಟ್ಟಿ ಹೆಂಗಸು ನಾನೇ" ಎಂದೆ. ಡ್ರೈವರ್ ಕೈ ತೊಡೆಯ ಮೇಲೇ ನಿಂತಿತು. "ನನ್ನ ತಮ್ಮ ಬಿಡ್ತೀನಿ ಅಂದಿದ್ದು ನನ್ನ ಮಾತಿಗೆ. ಆ ಮಾತು ತಪ್ಪು. ವಾಪಸ್ ತಗೊಂಡಿದ್ದೀನಿ. ಅವನು ಬರ್ತಾನೋ ಇಲ್ವೋ, ಅದನ್ನ ಇನ್ಮೇಲೆ ಅವನೇ ಹೇಳ್ತಾನೆ."

ಹಾಗಾಗಿ, ಸಹಿ ಹಾಕುವುದೂ ಬಿಡುವುದೂ ನಿನಗೆ ಬಿಟ್ಟದ್ದು. ನನ್ನನ್ನು ಕೇಳಬೇಡ, ಕೇಳಿದರೂ ಹೇಳುವುದಿಲ್ಲ. ನಲವತ್ತು ಜನರ ಮುಂದೆ ಹೇಳಿ ಬಂದಾಗಿದೆ.

ನಿನ್ನ ಮನಸ್ಸಿಗೆ ಒಪ್ಪಿದ್ದರಿಂದಲೇ ನಿನಗೆ ಒಳ್ಳೆಯದಾಗಲಿ ಎಂದು ಹರಸುವ,
ನಿನ್ನ ಅಕ್ಕ